ನ್ಯೂಸ್‌ಗ್ರೂಪ್ ಫಿಲ್ಟರ್ ಕೈಕೊಟ್ಟರೆ ಎಲ್ಲಿ ನೋಡಬೇಕು?

1980ರಲ್ಲಿ ಅಮೆರಿಕದಲ್ಲಿ ಶುರುವಾದ ಯೂಸ್‌ನೆಟ್‌ನಲ್ಲಿ ಬೇಡದ್ದನ್ನು ಸೋಸೋಕೆ ಓದುಗರೇ ಫಿಲ್ಟರ್ ಬರೀತಾರೆ. ಥಂಡರ್‌ಬರ್ಡ್‌ನಲ್ಲಿ ಅದು ಕೆಲಸ ಮಾಡದಿದ್ದರೆ ಮೂರು ಕಡೆ ನೋಡಿ.

ಖಾತೆ: ಇಮೇಲ್ ಖಾತೆಯ ಫಿಲ್ಟರ್ ನ್ಯೂಸ್‌ಗ್ರೂಪ್‌ಗೆ ಅನ್ವಯಿಸಲ್ಲ, ಅದಕ್ಕೆ ಬೇರೆಯೇ ಬರೀಬೇಕು.

ಷರತ್ತು: ಸರ್ವರ್‌ನಿಂದ ಮೊದಲು ಬರೋದು ವಿಷಯ, ಕಳುಹಿಸಿದವರ ಹೆಸರು, ದಿನಾಂಕದಂಥ ಹೆಡರ್ ಮಾತ್ರ. ಸಂದೇಶದ ಒಳಗಿರೋ ಬೈಗುಳ ಫಿಲ್ಟರ್‌ಗೆ ಕಾಣಲ್ಲ.

ಕ್ರಮ: ಫಿಲ್ಟರ್‌ಗಳು ಮೇಲಿಂದ ಕೆಳಕ್ಕೆ ಓಡುತ್ತವೆ. ಮೇಲಿನದು ‘ಇಲ್ಲಿಗೆ ನಿಲ್ಲಿಸು’ ಅಂದರೆ ಕೆಳಗಿನದಕ್ಕೆ ಸರದಿಯೇ ಬರಲ್ಲ.

ಆಗಲೂ ಗೊತ್ತಾಗದಿದ್ದರೆ ಫಿಲ್ಟರ್ ಲಾಗ್ ಆನ್ ಮಾಡಿ. ಯಾವ ಸಂದೇಶಕ್ಕೆ ಯಾವ ಫಿಲ್ಟರ್ ತಗುಲಿತು ಅನ್ನೋದು ಅದರಲ್ಲಿ ದಾಖಲಾಗುತ್ತೆ. ಇಲ್ಲಿ ನಿಯಮವೂ ನಿಮ್ಮದೇ, ಲೆಕ್ಕವೂ ನಿಮ್ಮ ಕೈಯಲ್ಲೇ. ನಿಮ್ಮ ಫೀಡ್‌ನಿಂದ ಒಂದು ಪೋಸ್ಟ್ ಮಾಯವಾದಾಗ ಇಂಥ ಲೆಕ್ಕವನ್ನು ಯಾರಲ್ಲಿ ಕೇಳ್ತೀರಿ?