ಬಾರಾಮಹಲ್ ಸೀಮೆಯ ವಂಶಶೋಧನೆ: ಸರ್ಕಾರಿ ದಾಖಲೆಗಳ ಆಕರಸೂಚನೆ

ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಮನೆತನಗಳು, ಅಲ್ಲಿನ ಕನ್ನಡ ಮಾತಿನ ಒಕ್ಕಲಿಗ, ಲಿಂಗಾಯತ, ದೇವಾಂಗ ಕುಟುಂಬಗಳೂ ಸೇರಿದಂತೆ, ಹಿರಿಯರ ಹೆಸರು ಹುಡುಕುತ್ತ ಕಂದಾಯ ದಫ್ತರಗಳಿಗೆ ಬರುತ್ತವೆ. ಅಲ್ಲಿನ ದಾಖಲೆಗಳು ವಂಶಾವಳಿಗೆಂದು ಬರೆದವಲ್ಲ. ಆದ್ದರಿಂದ ದಾಖಲೆ ಯಾವ ಕೆಲಸಕ್ಕೆ, ಯಾವ ಆಡಳಿತದಲ್ಲಿ ಹುಟ್ಟಿತೆಂಬುದೂ ಆಕರಸೂಚನೆಯ ಭಾಗವಾಗಬೇಕು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮತ್ತು ಸೇಲಂ ಟಿಪ್ಪುವಿನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಮೊದಲಾದವರು ನಡೆಸಿದ ಭೂಮಾಪನ, ಕಂದಾಯ ನಿಗದಿಯ ಕಾಗದಗಳು ‘ಬಾರಾಮಹಲ್ ರೆಕಾರ್ಡ್ಸ್’ ಹೆಸರಿನಲ್ಲಿ 20ನೇ ಶತಮಾನದಲ್ಲಿ ಮದರಾಸಿನಲ್ಲಿ ಅಚ್ಚಾದವು. ಹೊಸೂರು ಕಡೆಯ ಬಾಲಾಘಾಟ್ ಪ್ರದೇಶ ಕಂಪನಿಗೆ ಸೇರಿದ್ದು 1799ರಲ್ಲಿ. ಆ ಭಾಗದವರು ತಮ್ಮ ಪೂರ್ವಿಕರನ್ನು 1792ರ ನಂತರದ ಆ ಮೊದಲ ಅಳತೆಯಲ್ಲಿ ಹುಡುಕುವುದು ವ್ಯರ್ಥ.

ವಂಶಶೋಧಕರಿಗೆ ಹೆಚ್ಚು ಬೆಲೆಯುಳ್ಳದ್ದು 1858ರಲ್ಲಿ ಆರಂಭವಾದ ಮದರಾಸು ಇನಾಂ (ಕಂದಾಯ ವಿನಾಯಿತಿಯ ಜಮೀನು) ಕಮಿಷನ್ನಿನ ರಿಜಿಸ್ಟರು. ಮೂಲ ಇನಾಂದಾರ, ಆಗಿನ ಅನುಭೋಗದಾರ, ಅವನ ವಯಸ್ಸು, ಮೂಲ ಇನಾಂದಾರನಿಗೆ ಅವನ ಸಂಬಂಧ, ಇಷ್ಟೂ ಒಂದೇ ಸಾಲಿನಲ್ಲಿ ಸಿಗುತ್ತದೆ. ಎರಡು ಮೂರು ತಲೆಮಾರು ಒಮ್ಮೆಗೇ ಕಾಣಬಹುದು. ಆದರೆ ಹಕ್ಕು ಸಾಧಿಸಲು ಕೊಟ್ಟ ಹೇಳಿಕೆಯಾದ್ದರಿಂದ ಇನ್ನೊಂದು ದಾಖಲೆಯ ಒತ್ತಾಸೆ ಬೇಕು.

ಆಕರಸೂಚನೆ ಎಡವುವುದು ಹೆಚ್ಚಾಗಿ ಜಿಲ್ಲೆಯ ಹೆಸರಿನಲ್ಲಿ. ಹೊಸೂರಿನ ಹಳ್ಳಿಯೊಂದು 1965ರ ವರೆಗೆ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ದಾಖಲೆಯ ಕಾಲದ ಜಿಲ್ಲೆ, ತಾಲ್ಲೂಕನ್ನೇ ಬರೆದು ಈಗಿನದನ್ನು ಆವರಣದಲ್ಲಿಡಬೇಕು: “ಇನಾಂ ರಿಜಿಸ್ಟರು, (ಗ್ರಾಮ), ಹೊಸೂರು ತಾಲ್ಲೂಕು, ಸೇಲಂ ಜಿಲ್ಲೆ (ಈಗ ಕೃಷ್ಣಗಿರಿ), ಹಕ್ಕುಪತ್ರದ ಸಂಖ್ಯೆ, ನೋಡಿದ ಕಚೇರಿ, ದಿನಾಂಕ”. ಫಸಲಿ ಎಂಬ ಕಂದಾಯ ವರ್ಷವನ್ನು ಇದ್ದಂತೆಯೇ ಕೊಟ್ಟು ಇಸವಿಯನ್ನು ಪಕ್ಕದಲ್ಲಿ ಬರೆಯಬೇಕು. ಫಸಲಿ 1270 ಎಂದರೆ 1860ರ ಜುಲೈಯಿಂದ 1861ರ ಜೂನ್. ಚಿಟ್ಟಾ, ಅಡಂಗಲ್ ಎಂಬ ಹಳ್ಳಿಯ ಜಮೀನು ಲೆಕ್ಕಗಳಲ್ಲಿ ಹಳೆಯ, ಹೊಸ ಸರ್ವೆ ನಂಬರುಗಳೆರಡೂ ಬೇಕು. ನಕಲನ್ನು ನೋಡಿದ್ದರೆ ನಕಲೆಂದೇ ಹೇಳಬೇಕು.

ದಕ್ಷಿಣ ಆಫ್ರಿಕಾದ ನಟಾಲಿನ ಕಬ್ಬಿನ ತೋಟಗಳಿಗೆ 1860ರಿಂದ 1911ರ ವರೆಗೆ ಕರಾರಿನ ಮೇಲೆ ಹೋದ ಕೂಲಿಗಳ ಹಡಗುಪಟ್ಟಿಗಳೂ ಈ ಸೀಮೆಯ ವಂಶಶೋಧಕರಿಗೆ ಆಕರಗಳೇ. ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ ಅವುಗಳಲ್ಲಿವೆ. ಇವನ್ನು ಹಡಗಿನ ಹೆಸರು ಮತ್ತು ಕೂಲಿಗೆ ಕೊಟ್ಟ ಸಂಖ್ಯೆಯಿಂದ ಗುರುತಿಸಬೇಕು. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದ ಊರ ಹೆಸರನ್ನು ತಿದ್ದದೆ ಹಾಗೆಯೇ ಉಳಿಸಿ, ತಮ್ಮ ಊಹೆಯನ್ನು ಚೌಕ ಆವರಣದಲ್ಲಿ ಬೇರೆಯಾಗಿ ಸೇರಿಸುವುದು ಸರಿಯಾದ ಕ್ರಮ.