ಹೆರಿಗೆಯ ಹಾದಿಯಲ್ಲಿ ಮೂರು ವಿಳಂಬಗಳು



ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಬರಿಯ ಅಲಂಕಾರದ ಮಾತಲ್ಲ. ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡ ಮಗಳೊಬ್ಬಳ ನೆನಪು ನಮ್ಮ ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದಿದೆ.

ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ತಾಯಂದಿರ ಸಾವಿನ ಕಾರಣಗಳನ್ನು ಕಂಠಪಾಠ ಮಾಡಿದ್ದೆವು: ರಕ್ತಸ್ರಾವ, ನಂಜು, ರಕ್ತದೊತ್ತಡ ಏರಿ ಬರುವ ಸೆಳೆತ, ತಡೆಗೊಂಡ ಹೆರಿಗೆ. ಆದರೆ ಒಂದೇ ಬಗೆಯ ರಕ್ತಸ್ರಾವಕ್ಕೆ ಗುರಿಯಾದ ಇಬ್ಬರಲ್ಲಿ ಒಬ್ಬಳು ಬದುಕಿ, ಇನ್ನೊಬ್ಬಳು ಸಾಯುವುದೇಕೆ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

1985ರಲ್ಲಿ ಅಲನ್ ರೋಸೆನ್‌ಫೀಲ್ಡ್ ಮತ್ತು ಡೆಬೊರಾ ಮೈನ್ ಅವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ತಾಯಿ-ಮಗುವಿನ ಆರೋಗ್ಯ ಕಾರ್ಯಕ್ರಮಗಳಲ್ಲಿ ತಾಯಿ ಎಲ್ಲಿದ್ದಾಳೆಂದು ಕೇಳಿದರು. ಆಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ತಾಯಂದಿರು ಸಾಯುತ್ತಿದ್ದರು. 1987ರಲ್ಲಿ ನೈರೋಬಿಯಲ್ಲಿ ಸುರಕ್ಷಿತ ತಾಯ್ತನದ ಸಮ್ಮೇಳನ ನಡೆಯಿತು. 1994ರಲ್ಲಿ ಸೆರೀನ್ ಥಾಡಿಯಸ್ ಮತ್ತು ಮೈನ್ ಅವರು ಈ ಸಾವುಗಳ ಹಿಂದಿನ ಮೂರು ವಿಳಂಬಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿರ್ಧರಿಸುವಲ್ಲಿ ಮೊದಲನೆಯದು. ವಾಹನ ಹುಡುಕಿ, ದಾರಿ ಕ್ರಮಿಸುವಲ್ಲಿ ಎರಡನೆಯದು. ಆಸ್ಪತ್ರೆಯ ಬಾಗಿಲು ಮುಟ್ಟಿದ ಮೇಲೂ ಚಿಕಿತ್ಸೆ ದೊರೆಯುವಲ್ಲಿ ಮೂರನೆಯದು.

ಹೆರಿಗೆಯ ನಂತರದ ತೀವ್ರ ರಕ್ತಸ್ರಾವವು ಆರೋಗ್ಯವಂತ ತಾಯಿಯನ್ನೂ ಕೆಲವೇ ಗಂಟೆಗಳಲ್ಲಿ ಬಲಿ ತೆಗೆದುಕೊಳ್ಳಬಲ್ಲುದು; ರಕ್ತಹೀನತೆಯುಳ್ಳವಳಿಗೆ ಅಷ್ಟು ಕಾಲಾವಕಾಶವೂ ಇಲ್ಲ. ಈ ಮೂರು ವಿಳಂಬಗಳು ಬೇರೆಬೇರೆಯೂ ಅಲ್ಲ. ಆಸ್ಪತ್ರೆಗೆ ಹೋದ ಒಬ್ಬ ಬಾಣಂತಿ ರಕ್ತ ಸಿಗದೆ ಹೆಣವಾಗಿ ಮರಳಿದರೆ, ಆ ಊರಿನ ಮುಂದಿನ ಮನೆ ಹೊರಡಲು ಹಿಂಜರಿಯುತ್ತದೆ. ಅದನ್ನು ಅಜ್ಞಾನವೆಂದು ಜರಿಯುವುದು ಸುಲಭ. ನಾವು ವೈದ್ಯರೂ ಹಾಗೆ ಜರಿದದ್ದುಂಟು. ವಾಸ್ತವದಲ್ಲಿ ಅದು ಅನುಭವದಿಂದ ಹುಟ್ಟಿದ ಅಂಜಿಕೆ.

ಅಡ್ಡಿಗಳನ್ನು ನಿವಾರಿಸುವ ಯತ್ನಗಳೂ ನಡೆದಿವೆ. ನೈಜೀರಿಯಾದ ಸೊಕೊಟೊ ಪ್ರಾಂತದಲ್ಲಿ 1990ರ ದಶಕದಲ್ಲಿ ಸಾರಿಗೆ ಕಾರ್ಮಿಕರ ಸಂಘದ ಚಾಲಕರೇ ತಾಯಂದಿರನ್ನು ಆಸ್ಪತ್ರೆಗೆ ತಲುಪಿಸುವ ಏರ್ಪಾಡಿಗೆ ಮುಂದಾದರು. ಭಾರತದಲ್ಲಿ 2005ರಲ್ಲಿ ಜನನಿ ಸುರಕ್ಷಾ ಯೋಜನೆಯೂ, ಕರ್ನಾಟಕದಲ್ಲಿ 2008ರಲ್ಲಿ 108 ಆಂಬ್ಯುಲೆನ್ಸ್ ಸೇವೆಯೂ ಆರಂಭವಾದವು. ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದ ತಾಯಂದಿರ ಮರಣ ಪ್ರಮಾಣವು 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು.

ಇದು ಸಂತೋಷದ ಸಂಗತಿ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ತಾಯಂದಿರು ಸತ್ತರು. ಅವರಲ್ಲಿ ಬಹುಪಾಲು ಬಡ ರಾಷ್ಟ್ರಗಳವರು.

ಹೊರನಾಡಿನಲ್ಲಿ ನೆಲೆಸಿದ ನಾವು ಹುಟ್ಟೂರಿನ ಆಸ್ಪತ್ರೆಗೆ ಕಟ್ಟಡ ಕಟ್ಟಿಸಿ ಹೆಸರು ಕೆತ್ತಿಸಲು ಹಾತೊರೆಯುತ್ತೇವೆ. ಅದಕ್ಕೆ ಮುನ್ನ ಎರಡು ಪ್ರಶ್ನೆಗಳನ್ನು ಕೇಳೋಣ. ನಡುರಾತ್ರಿ ಅಲ್ಲಿ ರಕ್ತ ದೊರೆಯುವುದೇ? ಅರಿವಳಿಕೆ ನೀಡುವ ವೈದ್ಯರು ಇರುವರೇ? ಇವಕ್ಕೆ 'ಹೌದು' ಎಂಬ ಉತ್ತರ ಬರುವಂತೆ ಮಾಡುವುದು ಶಿಲಾಫಲಕಕ್ಕಿಂತ ಹಿರಿದಾದ ಸೇವೆಯೆಂದು ನಮ್ಮ ನಂಬಿಕೆ.