ಕೆರೆ ಕಾಯ್ದವರು



ಕೆರೆ ಕಟ್ಟಿಸಿದ ಅರಸರ ಹೆಸರುಗಳನ್ನು ನಿಮಗೆ ಬಾಯಿಪಾಠ ಮಾಡಿಸಿದೆನೇ ಹೊರತು, ಅವುಗಳನ್ನು ಕಾಯ್ದವರ ಬಗ್ಗೆ ಹೇಳಲಿಲ್ಲ. ಆ ಪಾಠ ಇಂದು.

ಮಹದೇವಪುರ ವಲಯದ ಕೈಕೊಂಡ್ರಹಳ್ಳಿ ಕೆರೆ ಕೊಳಚೆ ಸೇರಿ ಕೆಟ್ಟಿತ್ತು. ಸುತ್ತಲಿನ ನಿವಾಸಿಗಳು ಸ್ವಯಂಪ್ರೇರಿತರಾಗಿ ಮುಂದೆ ಬಂದರು. ಮಹಾನಗರ ಪಾಲಿಕೆ ಜೊತೆಗೂಡಿತು. 2009ರಲ್ಲಿ ಪುನರುಜ್ಜೀವನದ ಕೆಲಸ ಆರಂಭವಾಯಿತು. ಊರೊಟ್ಟಿನ ಸಂಪತ್ತನ್ನು ಜನರೇ ನಿಯಮ ಮಾಡಿಕೊಂಡು ಉಳಿಸಬಲ್ಲರೆಂದು ತೋರಿಸಿ, ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ 2012ರಲ್ಲಿ ಈ ಕೆರೆಯನ್ನು ನೋಡಲು ಬಂದರು. ಇದಕ್ಕಿಂತ ದೊಡ್ಡ ಮನ್ನಣೆ ಬೇಕೇ?

ಆದರೆ ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿಂದೆ ತೂಬು ತೆರೆದು ಗದ್ದೆಗಳಿಗೆ ನೀರು ಹಂಚಿದ ನೀರಗಂಟಿಗಳೂ, ಬೇಸಿಗೆಯಲ್ಲಿ ಹೂಳೆತ್ತಿದ ರೈತರೂ ಇದೇ ಸೇವೆ ಮಾಡಿದವರು. ಅವರಿಗೆ ಹಾರವಿರಲಿಲ್ಲ, ಫಲಕವಿರಲಿಲ್ಲ. ಕೆರೆ ಕೋಡಿ ಹರಿದದ್ದೇ ಅವರ ಪ್ರಶಸ್ತಿ.